ಒಣ ನೆಲದ ಅಲೆ

ಬಿರುಗಾಳಿಯ ಮುನ್ಸೂಚನೆ ಕೊಡುವುದು ನನ್ನ ಕೆಲಸ. ಕಡಲಲ್ಲಿ ತೇಲುವ ಯಂತ್ರಗಳು ಅಲೆಯ ಎತ್ತರ, ದಿಕ್ಕು, ನೀರಿನ ತಾಪ ಕಳಿಸುತ್ತವೆ. ಅವನ್ನು ನೋಡಿ ನಾನು ಎಚ್ಚರಿಕೆ ಬರೆಯುತ್ತೇನೆ. ದೆವ್ವ ಗಿವ್ವ ನಂಬುವವಳಲ್ಲ.

ಕಳೆದ ವಾರ ಒಂದು ಯಂತ್ರವನ್ನು ಪಾಚಿ ಕೆರೆಯಲೆಂದು ತಂದು, ಕಚೇರಿಯ ಕೆಳಗಿನ ಶೆಡ್ಡಿನಲ್ಲಿ ಹಳೇ ಟೈರುಗಳ ಮೇಲೆ ಕೂರಿಸಿದ್ದರು. ಮಧ್ಯಾಹ್ನ ನನ್ನ ಪರದೆಯಲ್ಲಿ ಅದರ ಗೆರೆ ಏರತೊಡಗಿತು. ಮನೆಯೆತ್ತರದ ಅಲೆ ಎಂದು ತೋರಿಸುತ್ತಿತ್ತು. ಕಿಟಕಿಯಾಚೆ ಕಡಲು ತಟ್ಟೆಯಲ್ಲಿಟ್ಟ ನೀರಿನಂತಿತ್ತು.

ಕೆಳಗಿಳಿದೆ. ನಾವೆಲ್ಲ ಮಾವ ಎಂದೇ ಕರೆಯುವ ಮೆಕ್ಯಾನಿಕ್ ಊಟಕ್ಕೆ ಕೂತಿದ್ದರು.

“ಮಾವ, ಅದನ್ನ ಅಲ್ಲಾಡಿಸಿದ್ರಾ?”

“ನಂಗೇನು ಬೇರೆ ಕೆಲಸ ಇಲ್ವಾ? ಒರೆಸಿ ಒರೆಸಿ ಸಾಕಾಯ್ತು ನೋಡಮ್ಮ, ಒಣಗ್ತಾನೇ ಇಲ್ಲ.”

ಯಂತ್ರ ಕದಲದೆ ಕೂತಿತ್ತು. ಮುಟ್ಟಿದರೆ ಕೈ ಮರಗಟ್ಟುವಷ್ಟು ತಣ್ಣಗಿತ್ತು. ಮಾವನ ಲೋಟದ ನೀರು ಮಾತ್ರ ಒಂದು ಬದಿಗೆ ಏರಿ, ಇಳಿದು, ಮತ್ತೆ ಏರುತ್ತಿತ್ತು. ಅವರೂ ನೋಡಿದರು. ಲೋಟದ ಮೇಲೆ ಡಬ್ಬಿಯ ಮುಚ್ಚಳ ಇಟ್ಟು ಊಟ ಮುಂದುವರಿಸಿದರು.

ಸೆನ್ಸರ್ ಕೈಕೊಟ್ಟಿದೆಯೆಂದು ಬದಲಿಸಿ, ಯಂತ್ರವನ್ನು ಮತ್ತೆ ಕಡಲಿಗೆ ಬಿಟ್ಟೆವು.

ಇಂದು ನಿಜವಾಗಿಯೂ ಬಿರುಗಾಳಿ ಏಳುತ್ತಿದೆ. ಆ ಯಂತ್ರ ಹೇಳುವ ಎತ್ತರ ಉಳಿದ ಯಂತ್ರಗಳ ಲೆಕ್ಕಕ್ಕೆ ತಾಳೆಯಾಗುತ್ತಿದೆ. ದಿಕ್ಕೂ ತಾಳೆಯಾಗುತ್ತಿದೆ. ಅಲೆ ಊರಿನ ಕಡೆಯಿಂದ ಬರುತ್ತಿದೆ ಎಂದು ಎಲ್ಲವೂ ಹೇಳುತ್ತಿವೆ.

“ಮನೆಯವ್ರಿಗೆ ಏನಂತ ಹೇಳ್ಲಮ್ಮ?” ಎಂದು ಮಾವ ಕೆಳಗಿನಿಂದ ಕೇಳುತ್ತಿದ್ದಾರೆ.

ಇಂಥ ಹೊತ್ತಿನಲ್ಲಿ ನಾವು ಕಳಿಸುವ ಎಚ್ಚರಿಕೆ ಯಾವಾಗಲೂ ಒಂದೇ: ‘ದಡ ಬಿಟ್ಟು ಊರೊಳಗೆ ಹೋಗಿ.’ ಅದನ್ನು ಟೈಪು ಮಾಡಿಟ್ಟಿದ್ದೇನೆ. ಇನ್ನೂ ಕಳಿಸಿಲ್ಲ.