ಹರಿದಿಟ್ಟುಕೊಂಡ ಹಾಳೆ

"ಮಾಮಾ, ಇಲ್ಲಿಟ್ಟಿದ್ದ ಪುಸ್ತಕ ಎಲ್ಲಿ? ಮೇಲೆ ಕೋಟೆ ಚಿತ್ರ ಇತ್ತಲ್ಲ, ಅದು!"

ಶಾಲೆ ಬಿಟ್ಟ ಕೂಡಲೇ ಓಡಿಬಂದ ಚೂಟಿ, ಚಪ್ಪಲಿ ರಿಪೇರಿ ಅಂಗಡಿಯ ಬಾಗಿಲಲ್ಲಿ ಏದುಸಿರು ಬಿಡುತ್ತಿದ್ದಳು. ಆ ಅಂಗಡಿಯ ಬೆಂಚಿನ ಮೇಲೆ ಯಾರು ಬೇಕಾದರೂ ಓದಿದ ಪುಸ್ತಕ ಇಡಬಹುದು, ಯಾರು ಬೇಕಾದರೂ ಒಯ್ಯಬಹುದು.

ಅಂಗಡಿ ಮಾಮ ತುಟಿಯಲ್ಲಿ ಕಚ್ಚಿಕೊಂಡಿದ್ದ ಮೊಳೆ ತೆಗೆದ. "ಕ್ರೇನ್ ಓಡಿಸೋ ಅಮ್ಮ ಬೆಳಿಗ್ಗೆನೇ ತಗೊಂಡು ಹೋದ್ರು. ಅದೋ, ಆ ಹೊಸ ಕಟ್ಟಡದ ಹತ್ರ ಇರ್ತಾರೆ."

ಚೂಟಿ ಜೇಬು ಮುಟ್ಟಿ ನೋಡಿಕೊಂಡಳು. ಪುಸ್ತಕದ ಕೊನೆಯ ಹಾಳೆ ಅವಳ ಜೇಬಿನಲ್ಲಿತ್ತು!

ಅದು ಮುನ್ನೂರು ವರ್ಷಗಳ ಹಿಂದಿನ ಕತೆ. ಶತ್ರುಗಳು ಮುತ್ತಿದ ಕೋಟೆಯಿಂದ ಒಬ್ಬ ಹುಡುಗಿ ಗುಟ್ಟಿನ ಓಲೆ ಹೊತ್ತು ಓಡುತ್ತಾಳೆ. ಓಲೆ ಮುಟ್ಟುತ್ತದೆ, ಹುಡುಗಿ ಮಾತ್ರ ಉಳಿಯುವುದಿಲ್ಲ. ಚೂಟಿ ಗಳಗಳ ಅತ್ತಿದ್ದಳು. ಮುಂದೆ ಓದುವವರಿಗಾದರೂ ಈ ಸಂಕಟ ಬೇಡ ಅಂತ ಆ ಹಾಳೆಯನ್ನೇ ಹರಿದಿಟ್ಟುಕೊಂಡಿದ್ದಳು.

ಬೆಳಿಗ್ಗೆ ಮನೆಯಲ್ಲಿ ವಿಷಯ ಕೇಳಿ ಅವಳ ಅಣ್ಣ ಹಣೆ ಚಚ್ಚಿಕೊಂಡಿದ್ದ. "ಪೆದ್ದಿ! ಅಷ್ಟೂ ಓದಿ ಕೊನೇ ಹಾಳೆನೇ ಇಲ್ಲ ಅಂದ್ರೆ ಓದೋರು ಯಾರನ್ನ ಕೇಳ್ಬೇಕು?"

ಚೂಟಿ ಅತ್ತ ಓಡಿದಳು. ಕಟ್ಟಡದ ಗೇಟಿನ ಬಳಿ, ಇಟ್ಟಿಗೆ ರಾಶಿಯ ಮೇಲೆ ಒಬ್ಬ ಹೆಂಗಸು ಕೂತಿದ್ದರು. ಪಕ್ಕದಲ್ಲಿ ಹಳದಿ ಹೆಲ್ಮೆಟ್ಟು, ಒಂದು ಕೈಯಲ್ಲಿ ಟೀ, ತೊಡೆಯ ಮೇಲೆ ಅದೇ ಪುಸ್ತಕ.

"ಆಂಟಿ, ಸಾರಿ. ಇದನ್ನ ನಾನೇ ಹರಿದಿದ್ದು." ಚೂಟಿ ಮಡಚಿದ ಹಾಳೆ ಚಾಚಿದಳು. "ಕೊನೇಲಿ ಅವಳು..."

"ಏಯ್ ಏಯ್, ಹೇಳ್ಬೇಡ ಕಣೇ!" ಆಂಟಿ ಟೀ ಕೆಳಗಿಟ್ಟು ಎರಡೂ ಕಿವಿ ಮುಚ್ಚಿಕೊಂಡರು. ಆಮೇಲೆ ಹಾಳೆಯನ್ನು ತೆಗೆದುಕೊಂಡು, ಬಿಡಿಸಿಯೂ ನೋಡದೆ, ಪುಸ್ತಕದ ಹಿಂದಿನ ರಟ್ಟಿನೊಳಗೆ ಸೇರಿಸಿಟ್ಟರು.

"ಬೈಯಲ್ವಾ?"

"ಬೈಯೋಕೆ ಪುರುಸೊತ್ತೆಲ್ಲಿದೆ? ಇನ್ನು ಹತ್ತು ನಿಮಿಷಕ್ಕೆ ಮೇಲೆ ಹತ್ಬೇಕು. ಅಲ್ಲಾ, ಕ್ರೇನ್ ಇಲ್ದೆ ಆ ಕೋಟೆಗೆ ಅಷ್ಟು ದೊಡ್ಡ ಕಲ್ಲುಗಳನ್ನ ಹೇಗೆ ಎತ್ತಿದ್ರೋ ಮಾರಾಯ್ತಿ!"

ಅಬ್ಬಾ! ಬೈಗುಳ ತಪ್ಪಿತು.

ಆಂಟಿ ಮತ್ತೆ ಓದತೊಡಗಿದರು. ಇದ್ದಕ್ಕಿದ್ದಂತೆ ಕಿಸಕ್ಕನೆ ನಕ್ಕರು. "ನೋಡು, ಈ ಹುಡುಗಿ ಕಾವಲಿನವನ ಪೇಟ ಕದ್ದು ಅಡಗಿಬಿಟ್ಲು. ಭಲೇ ಕಿಲಾಡಿ!"

ಚೂಟಿ ಬಗ್ಗಿ ನೋಡಿದಳು. ಹೌದು, ಮೂವತ್ತನೇ ಪುಟ. ಹುಡುಗಿ ದವಸದ ಮೂಟೆಗಳ ಹಿಂದೆ ಬಾಯಿ ಮುಚ್ಚಿಕೊಂಡು ನಗುತ್ತಿದ್ದಾಳೆ. ಈ ಪುಟದಲ್ಲಿ ಅವಳಿಗಿನ್ನೂ ಏನೂ ಆಗಿಲ್ಲ.

ಚೂಟಿ ಬ್ಯಾಗು ಕೆಳಗಿಟ್ಟು ಆಂಟಿಯ ಪಕ್ಕ ಕೂತಳು, ಅವರು ಪುಟ ತಿರುಗಿಸುವುದನ್ನೇ ಕಾಯುತ್ತಾ.