ಹಳದಿಯಾದ ಜೀರುಂಡೆ

ಹೆಣ್ಣನ್ನು ಮನೆಗೆ ಕರೆದು ಸತ್ತ ಹುಳ ತೋರಿಸುವ ಗಂಡಸನ್ನು ಅಂಬಿಕ ಮೂವತ್ತೊಂಬತ್ತು ವರ್ಷದಲ್ಲಿ ಅದೇ ಮೊದಲು ನೋಡಿದ್ದು. ಕಾಫಿಗೆ ಸಕ್ಕರೆ ಎಷ್ಟು ಎಂದೂ ಕೇಳದೆ ಕುಪ್ಪುಸ್ವಾಮಿ ಗಾಜಿನ ಮುಚ್ಚಳದ ಪೆಟ್ಟಿಗೆಗಳನ್ನು ತಂದು ಮುಂದಿಟ್ಟಿದ್ದ.

"ಇದು ಜಪಾನಿನ ಜೀರುಂಡೆ. ಇದು ಮಲೇಷ್ಯಾದ್ದು, ಕೊರಳ ಪಟ್ಟಿ ನೋಡಿ. ಇದು ಬ್ರೆಜಿಲ್. ಬೇಸಿಗೇಲಿ ಮರದ ಮೇಲೆ ಕೂತು ಕಿರುಚ್ತಾವಲ್ಲ, ಅದೇ ಕುಲ."

"ಎಲ್ಲಾನೂ ಕಿರುಚ್ತಾವಾ?"

"ಗಂಡು ಮಾತ್ರ."

"ಅಷ್ಟು ತಿಳಿಯೋಕೆ ಇಷ್ಟೊಂದು ಪೆಟ್ಟಿಗೆ ಬೇಕಾಯ್ತಾ ನಿಮಗೆ," ಎಂದಳು.

ಅವನು ಸಿಟ್ಟಾಗಲಿಲ್ಲ, ನಕ್ಕ. ಲೆನ್ಸ್ ಒತ್ತಿ ಒತ್ತಿ ಬಲಗಣ್ಣಿನ ಸುತ್ತ ಬಿದ್ದಿದ್ದ ಗುಂಡನೆಯ ಗುರುತು ನಕ್ಕಾಗ ಮಡಿಚಿಕೊಂಡಿತು. ಅದನ್ನು ಇನ್ನೊಮ್ಮೆ ನೋಡಬೇಕೆನಿಸಿದ್ದಕ್ಕೆ ಅಂಬಿಕಳಿಗೆ ತನ್ನ ಮೇಲೇ ತಾತ್ಸಾರ ಹುಟ್ಟಿತು.

ತಾತ್ಸಾರ ಅವಳಿಗೆ ಹೊಸದಲ್ಲ. ಬಂಗಾರಪೇಟೆಯ ಕಾಲೇಜೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ಪ್ರಾಣಿಶಾಸ್ತ್ರದ ಲ್ಯಾಬ್ ಅಟೆಂಡರ್. ಬಂದುಹೋದ ಮೇಷ್ಟರುಗಳು ಚೇಳಿನ ಜಾಡಿಗೆ ಏಡಿಯ ಚೀಟಿ ಅಂಟಿಸಿದ್ದನ್ನೂ ಕಂಡಿದ್ದಳು. ತಪ್ಪು ಎಂದು ಹೇಳಿದರೆ "ನೀನು ಜಾಡಿ ತೊಳಿಯಮ್ಮ" ಎನ್ನುತ್ತಿದ್ದರು. ಹೆಣ್ಣು ನೋಡಲು ಬಂದವನೊಬ್ಬ ತಿಮಿಂಗಿಲವನ್ನು ಮೀನು ಎಂದ. ಅಲ್ಲ ಎಂದಿದ್ದಕ್ಕೆ ಅರ್ಧ ಕಚ್ಚಿದ ಬೋಂಡ ತಟ್ಟೆಯಲ್ಲೇ ಬಿಟ್ಟು ಎದ್ದುಹೋದ. ಬೋಂಡ ಹಾಳಾಯಿತಲ್ಲ ಎಂದಷ್ಟೇ ಅವಳು ಮರುಗಿದ್ದು.

ಕುಪ್ಪುಸ್ವಾಮಿ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವವನು. ಊರಿಗಾಂನಲ್ಲಿ, ಚಿನ್ನದ ಗಣಿ ಕೆಲಸಗಾರರಿಗೆ ಸಾಲಾಗಿ ಕಟ್ಟಿದ್ದ ಲೈನ್ ಮನೆಯಲ್ಲಿ ಒಬ್ಬನೇ ಇದ್ದ. ದೇಶ ದೇಶದ ಹುಳದ ಹುಚ್ಚರು ಅವನಿಗೆ ಜೀರುಂಡೆಗಳನ್ನು ಅಂಚೆಯಲ್ಲಿ ಕಳಿಸುತ್ತಿದ್ದರು. ಇವನು ಗುರುತಿಸಿ, ಜಾತಿಯ ಹೆಸರು ಬರೆದು ಜೋಡಿಸುತ್ತಿದ್ದ. ಮೈಕ್ರೋಸ್ಕೋಪು ಕೇಳಿಕೊಂಡು ಕಾಲೇಜಿಗೆ ಬಂದಾಗ ಪರಿಚಯವಾದದ್ದು. ಆಮೇಲೆ ಐದು ತಿಂಗಳು ಭಾನುವಾರಗಳೆಲ್ಲ ಹುಳಗಳ ಜೊತೆಗೇ ಕಳೆದವು.

ಆರನೆಯ ತಿಂಗಳಲ್ಲಿ ಅವನು ಬೊರ್ನಿಯೋದಿಂದ ಬಂದ ಒಂದು ಜೀರುಂಡೆಯನ್ನು ಅವಳ ಮುಂದಿಟ್ಟ. ಅರಿಶಿನದಂಥ ಹಳದಿ.

"ಇದು ಯಾವ ಪುಸ್ತಕದಲ್ಲೂ ಇಲ್ಲ. ಹೊಸ ಜಾತಿ. ಕಂಡುಹಿಡಿದೋರು ಹೆಸರಿಡಬಹುದು." ಅವನು ಅವಳನ್ನು ನೋಡದೆ ಹುಳವನ್ನೇ ನೋಡುತ್ತಿದ್ದ. "ನಿಮ್ಮ ಹೆಸರಿಡ್ತೀನಿ. ನಾಳೆ ಅಲ್ಲ, ಆಚೆ ಸೋಮವಾರ ಲೇಖನ ಕಳಿಸ್ತಾ ಇದೀನಿ. ಅದು ಅಚ್ಚಾದ ಮೇಲೆ ನಿಮ್ಮಣ್ಣನ ಹತ್ರ ಬಂದು ಮಾತಾಡ್ತೀನಿ."

ಅಂಬಿಕಳ ಕಿವಿ ಬಿಸಿಯಾಯಿತು. ಅದೇ ಹೊತ್ತಿಗೆ ಅವಳ ಕಣ್ಣು ಮೇಜಿನ ಕೆಳಗಿನ ಡಬ್ಬಿಯ ಮೇಲೆ ಬಿತ್ತು. ಒಣಗಿ ಬಂದ ಹುಳದ ರೆಕ್ಕೆ ಬಿಡಿಸುವ ಮೊದಲು ಎರಡು ದಿನ ಒದ್ದೆ ಮರಳಿನ ಡಬ್ಬಿಯಲ್ಲಿಟ್ಟು ಮೆತ್ತಗೆ ಮಾಡಬೇಕು. ಈ ಡಬ್ಬಿಯಲ್ಲಿದ್ದದ್ದು ಬೂದಿಯಂಥ ಬಿಳಿ ಪುಡಿ.

"ಈ ಮರಳು ಎಲ್ಲಿದು?"

"ಎದುರುಗಡೆ ಸೈನೈಡ್ ದಿಬ್ಬದ್ದು. ಜರಡಿ ಹಿಡಿಯೋದೇ ಬೇಡ, ಅಷ್ಟು ನೈಸು. ನಮ್ಮಪ್ಪ ಗಣೀಲಿ ಒಡೆದ ಕಲ್ಲೇ ಅರೆದು ಪುಡಿಯಾಗಿರೋದು," ಎಂದ ಹೆಮ್ಮೆಯಿಂದ.

ಸೈನೈಡ್ ಹಾಕಿ ಚಿನ್ನ ತೆಗೆದು ಬಿಸಾಡಿದ ಆ ಪುಡಿಯನ್ನು ಬೇರೆ ಊರಿನವರು ಕಾಲಲ್ಲೂ ಮುಟ್ಟುವುದಿಲ್ಲ. ಈ ಊರಿನ ಮೂರ್ಖರಿಗೆ ಮಾತ್ರ ಅದು ಅಪ್ಪನ ಆಸ್ತಿ.

"ಇದರ ಜೊತೆ ಬಂದಿದ್ರಲ್ಲಿ ನನಗೆರಡು ಕೊಡಿ," ಎಂದಳು. ಅವನು ಒಣಗಿ ಬಣ್ಣವೇ ಕಂದಿದ್ದ ಎರಡು ಜೀರುಂಡೆಗಳನ್ನು ಕಾಗದದಲ್ಲಿ ಮಡಿಸಿ ಮಲ್ಲಿಗೆ ಕೊಟ್ಟಂತೆ ಕೊಟ್ಟ. ಹೊರಡುವಾಗ ಅವಳು ಒಂದು ಹಿಡಿ ಬಿಳಿ ಪುಡಿಯನ್ನೂ ಕಟ್ಟಿಕೊಂಡಳು. ಯಾಕೆಂದು ಕೇಳುವಷ್ಟೂ ಬುದ್ಧಿ ಅವನಿಗಿರಲಿಲ್ಲ.

ಬೇತಮಂಗಲದ ಮನೆಯಲ್ಲಿ ಒಂದು ಹುಳವನ್ನು ಕೆರೆಯ ಮರಳಿನ ಡಬ್ಬಿಯಲ್ಲೂ ಇನ್ನೊಂದನ್ನು ಬಿಳಿ ಪುಡಿಯಲ್ಲೂ ಇಟ್ಟಳು. ಅತ್ತಿಗೆ ರಾಧಾಮಣಿ ನೋಡಿಬಿಟ್ಟಳು.

"ಥೂ, ನನ್ನ ಟಿಫನ್ ಡಬ್ಬೀಲಿ ಉಳ ಇಟ್ಟಿದೀಯಲ್ಲಮ್ಮಿ. ಆ ಟಿಕೆಟ್ ಕೊಡೋನು ಸೀರೆ ಗೀರೆ ಕೊಡಲ್ವಾ?"

"ಹೆಸರು ಕೊಡ್ತಾನಂತೆ."

"ಎಸರು ಉಟ್ಕಂಡು ಓಡಾಡಕಾಯ್ತದಾ? ಓಗ್ಲಿ, ನೀನು ಬ್ಯಾಡ ಅನ್ದೇ ಇರೋ ಗಂಡು ಇವನೊಬ್ಬನೇ ಕಣೆ. ಏನೋ ಒಂದು ತಪ್ಪು ಇಡಿದು ಇವನ್ನೂ ಓಡುಸ್ಬ್ಯಾಡ."

ಎರಡು ದಿನ ಕಳೆದು ಮುಚ್ಚಳ ತೆಗೆದಳು. ಕೆರೆಯ ಮರಳಿನದು ಹಸಿರು. ಬಿಳಿ ಪುಡಿಯದು ಅರಿಶಿನ. ಹೊಸ ಜಾತಿಯೂ ಇಲ್ಲ, ಮಣ್ಣೂ ಇಲ್ಲ. ಎಲ್ಲರಿಗೂ ಗೊತ್ತಿದ್ದ ಹಸಿರು ಹುಳದ ಬಣ್ಣವನ್ನು ದಿಬ್ಬ ತಿಂದಿತ್ತು.

ಸುಮ್ಮನಿದ್ದರೆ ಅವಳ ಹೆಸರು ಪುಸ್ತಕದಲ್ಲಿರುತ್ತದೆ, ಮದುವೆಯೂ ಆಗುತ್ತದೆ. ಹೇಳಿದರೆ ಇವನೂ ಬೋಂಡ ಬಿಟ್ಟು ಏಳುತ್ತಾನೆ. ಎದ್ದರೆ ಏಳಲಿ ಎಂದುಕೊಳ್ಳಲು ಈ ಸಲ ಅವಳಿಗೆ ಆಗಲಿಲ್ಲ. ಆದರೂ ಭಾನುವಾರ ಬೆಳಗಿನ ಬಸ್ಸು ಹತ್ತಿದಳು.

ಎರಡೂ ಹುಳಗಳನ್ನು ಮೇಜಿನ ಮೇಲಿಟ್ಟು ವಿಷಯ ಹೇಳಿದಳು. ಕುಪ್ಪುಸ್ವಾಮಿಯ ಮುಖ ಬಿಗಿಯಿತು.

"ನೀವು ಜಾಸ್ತಿ ಹೊತ್ತು ಬಿಟ್ಟಿರ್ತೀರ."

ಬಂತು, ಎಂದುಕೊಂಡಳು. ಜಾಡಿ ತೊಳಿ ಎನ್ನುವುದೊಂದೇ ಬಾಕಿ. "ಎರಡಕ್ಕೂ ನಲವತ್ತೆಂಟೇ ಗಂಟೆ. ಬಣ್ಣ ಬಿಟ್ಟು ಬೇರೇನು ವ್ಯತ್ಯಾಸ ನೋಡಿದ್ರಿ?"

"ಬಣ್ಣವೇ..." ಎನ್ನುತ್ತ ಅವನು ಹುಳಗಳ ಮೇಲೆ ಬಾಗಿದ. ಲೆನ್ಸ್ ಹಿಡಿದು ಒಂದನ್ನು ನೋಡಿದ, ಇನ್ನೊಂದನ್ನು ನೋಡಿದ, ಮತ್ತೆ ಮೊದಲನೆಯದನ್ನು. "ಕಡವುಳೇ," ಎಂದು ಮೆಲ್ಲಗೆ ತಮಿಳಿನಲ್ಲಿ ದೇವರನ್ನು ಕರೆದ.

ಅಂಬಿಕ ಬ್ಯಾಗು ಹೆಗಲಿಗೇರಿಸಿದಳು.

"ಇರಿ," ಎಂದ ಅವನು. "ಆರು ವರ್ಷದಿಂದ ಇದೇ ಮರಳು. ಎಷ್ಟು ಪೆಟ್ಟಿಗೇಲಿ ತಪ್ಪಿರಬಹುದು?"

"ಎಲ್ಲಾದರಲ್ಲೂ."

ಅವನು ಕಪಾಟಿನಿಂದ ಮೊದಲ ಪೆಟ್ಟಿಗೆ ಇಳಿಸಿದ. ತನ್ನ ಕುರ್ಚಿಯನ್ನು ಅವಳತ್ತ ಎಳೆದು ಲೆನ್ಸನ್ನು ಅವಳ ಕೈಗಿಟ್ಟ. "ನೀವೇ ನೋಡಿ. ನನ್ನ ಕಣ್ಣು ಬಣ್ಣಕ್ಕೆ ಮೋಸ ಹೋಗುತ್ತೆ. ಲೇಖನ ಕಳಿಸಲ್ಲ."

ಹತ್ತೊಂಬತ್ತು ವರ್ಷದಲ್ಲಿ ಯಾರೂ ಅವಳಿಗೆ ಕುರ್ಚಿ ಕೊಟ್ಟಿರಲಿಲ್ಲ. ಬ್ಯಾಗು ಕೆಳಗಿಟ್ಟು ಕೂತಳು.

"ನಿಮಗೆ ಕೊಡೋಕೆ ಈಗ ಹೆಸರೂ ಇಲ್ಲ," ಎಂದ. "ಬರಿಗೈಯಲ್ಲಿ ಕೇಳ್ತಾ ಇದೀನಿ. ಮದುವೆ ಆಗ್ತೀರಾ?"

"ಹುಳಕ್ಕೆ ನನ್ನ ಹೆಸರಿಡ್ತೀನಿ ಅಂದಾಗಲೇ ನಿಮಗೆ ಬುದ್ಧಿ ಕಮ್ಮಿ ಅಂತ ಗೊತ್ತಾಯ್ತು," ಎಂದಳು. ದನಿ ಮಾತ್ರ ಹೇಳಿದಂತೆ ಕೇಳದೆ ಒದ್ದೆಯಾಗಿತ್ತು. "ಮೊದಲು ಆ ಮರಳು ಚೆಲ್ಲಿ ಬನ್ನಿ."

ಅವನು ಡಬ್ಬಿ ಎತ್ತಿಕೊಂಡು ಬಾಗಿಲವರೆಗೆ ಹೋಗಿ ತಿರುಗಿದ. "ಹಾಗಂದ್ರೆ ಹೌದು ಅಂತಾನಾ?"

"ಹಾಗಂದ್ರೆ ಡಬ್ಬಿ ಎರಡು ಸಲ ತೊಳೀರಿ ಅಂತ."

ಹೊರಗೆ ನಲ್ಲಿಯ ಸದ್ದು ಕೇಳಿತು. ಅಂಬಿಕ ಲೆನ್ಸ್ ಕಣ್ಣಿಗೆ ಒತ್ತಿಕೊಂಡಳು. ಮೊದಲ ಸಾಲಿನಲ್ಲೇ ಮೂರು ತಪ್ಪು ಕಂಡವು. ಕೂಗಿ ಹೇಳಲು ಆತುರವೇನೂ ಆಗಲಿಲ್ಲ. ಇನ್ನು ಬೇಕಾದಷ್ಟು ದಿನಗಳಿದ್ದವು.