ನಾಲ್ಕನೆಯ ಬ್ರೇಕ್

"ದೀಪದ ಎದುರು ಹೆಸರು, ನಕ್ಷತ್ರ ಎರಡನ್ನೂ ಒಟ್ಟಿಗೆ ಹೇಳ್ಬೇಡಿ," ಎಂದಳು ಚಂದ್ರಾವತಿ. "ಹೇಳಿ ಕತೆ ಶುರುಮಾಡಿದ ಮೇಲೆ ನಡುವಲ್ಲಿ ಬಿಡ್ಲಿಕ್ಕಿಲ್ಲ. ಹೇಳಿದವನ ಬಾಯಿಂದಲೇ ಮುಗೀಬೇಕು. ಬಿಟ್ಟರೆ ಬಿಟ್ಟವನ ಮೇಲೆಯೇ ತಿರುಗ್ತದೆ."

ಯಶವಂತ ನಕ್ಕ. ಎದುರಿನವರು ತನಗಿಂತ ಕೆಳಗಿದ್ದಾರೆಂದು ಖಚಿತವಾದಾಗಲೆಲ್ಲ ಅವನಿಗೆ ಆ ನಗು ಬರುತ್ತಿತ್ತು. ಕೊಚ್ಚಿಗೆ ಬಂದಂದಿನಿಂದ ದಿನವಿಡೀ ಬರುತ್ತಿತ್ತು.

"ಅಜ್ಜಿ, ನಾನು ಟೀವಿಯವನು. ಜಾಹೀರಾತಿನ ಬ್ರೇಕ್ ಬಂದಾಗೆಲ್ಲ ಕತೆ ನಡುವೆ ಬಿಡೋದೇ ನನ್ನ ಕೆಲಸ."

೨೦೦೭ರ ಬೇಸಗೆ. ಕೊಚ್ಚಿಯ ನಿರ್ಮಾಣ ಸಂಸ್ಥೆಯೊಂದು ಮಲಯಾಳಕ್ಕೂ ಕನ್ನಡಕ್ಕೂ ಏಕಕಾಲದಲ್ಲಿ ಒಂದು ಕ್ರೈಂ ಧಾರಾವಾಹಿ ತಯಾರಿಸಲು ಹೊರಟಿತ್ತು. ಸೆಟ್ಟು ಒಂದೇ, ಪೊಲೀಸ್ ಜೀಪು ಒಂದೇ, ಹೆಣವೂ ಒಂದೇ. ಮಾತು ಮಾತ್ರ ಎರಡು. ಕನ್ನಡದ ಕತೆಗಳಿಗಾಗಿ ಬೆಂಗಳೂರಿನಿಂದ ಕರೆಸಿದ್ದು ಯಶವಂತನನ್ನು. ಅಪರಾಧ ನಡೆಯುವಂಥ ಜಾಗದಲ್ಲೇ ನಿಂತು ಕತೆ ಕಟ್ಟುವುದು ತನ್ನ ವಿಧಾನವೆಂದು ಅವನು ಎಲ್ಲರಿಗೂ ಹೇಳಿಕೊಳ್ಳುತ್ತಿದ್ದ. ಹಾಗೆಂದೇ ಈ ದಿನ ವಲ್ಲಾರ್ಪಾಡಂ ದ್ವೀಪದ ಈ ಹಂಚಿನ ಮನೆಗೆ ಬಂದಿದ್ದ. ಚಂದ್ರಾವತಿಯ ಗಂಡನ ಕಡೆಯವರು ಒಂದು ಕಾಲದಲ್ಲಿ ಮಾರಣ, ಎಂದರೆ ಜೀವ ತೆಗೆಯುವ ಮಾಟ, ಮಾಡುತ್ತಿದ್ದವರು. ಈಗ ಯಾರೂ ಉಳಿದಿಲ್ಲ. ಕುಂಬಳೆಯಿಂದ ಮದುವೆಯಾಗಿ ಬಂದ ಮುದುಕಿ ದೀಪಕ್ಕೆ ಎಣ್ಣೆ ಹಾಕುತ್ತ, ಉಳಿದ ಹೊತ್ತೆಲ್ಲ ಟೀವಿ ನೋಡುತ್ತ ಕಾಲ ಕಳೆಯುತ್ತಿದ್ದಳು.

"ನೋಡಿ ಆಯ್ತಲ್ಲ? ಬೇಗ ಹೊರಗೆ ಬನ್ನಿ. ನನ್ನ ಸೀರಿಯಲ್ಲು ಶುರುವಾಗ್ತದೆ," ಎಂದು ಅವಳು ಜಗಲಿಗೆ ನಡೆದಳು.

ಒಳಕೋಣೆಗೆ ಕಿಟಕಿಯಿರಲಿಲ್ಲ. ಸುಟ್ಟ ಬತ್ತಿಯ ವಾಸನೆ, ಜಿಡ್ಡುಗಟ್ಟಿದ ಎಣ್ಣೆಯ ವಾಸನೆ, ಸುಣ್ಣ ಅರಿಶಿನ ಕಲಸಿದ ಕೆಂಪು ನೀರಿನ ಹಸಿ ವಾಸನೆ. ದೀಪದ ಬುಡದಲ್ಲಿ ಕಾಸರಕದ ಮರದ ಕಪ್ಪು ಗೊಂಬೆ. ಅದಕ್ಕೆ ಮುಖವಿರಲಿಲ್ಲ, ಬಾಯಿ ಮಾತ್ರ ಇತ್ತು.

"ಸರ್, ಹೋಗೋಣ," ಎಂದಳು ಧನಶ್ರೀ.

ಅವಳು ಯಶವಂತನ ಸಹಾಯಕಿ. ಕೊಚ್ಚಿ ಪಕ್ಕದ ಆಲುವದಲ್ಲಿ ಬೆಳೆದವಳು, ಕನ್ನಡದ ಬ್ಯಾಂಕ್ ನೌಕರನ ಮಗಳು. ಅವನು ಹೇಳಿದ್ದನ್ನು ಬರೆದುಕೊಳ್ಳುವುದು, ಬರೆದದ್ದನ್ನು ಮೀಟಿಂಗಿನಲ್ಲಿ ಗಟ್ಟಿಯಾಗಿ ಓದುವುದು, ಇಷ್ಟೇ ಅವಳ ಕೆಲಸ. ಅವನು ಅವಳನ್ನು ಹೆಸರಿನಿಂದ ಕರೆಯುತ್ತಿರಲಿಲ್ಲ, ಚಿಟಿಕೆ ಹೊಡೆಯುತ್ತಿದ್ದ.

ಈಗಲೂ ಚಿಟಿಕೆ ಹೊಡೆದ. "ಒಂದು ಹೆಣ ಬೇಕಲ್ಲ ಕತೆಗೆ. ನೀನೇ ಆಗು. ಹೇಗೂ ಮಾತಾಡಲ್ಲ." ದೇವಸ್ಥಾನದ ಕೌಂಟರಿನ ಗುಮಾಸ್ತನಂತೆ ಮೂಗು ಬಿಗಿಹಿಡಿದು, ತಾನು ಕಲಿತ ಎರಡು ಮಲಯಾಳ ಪದಗಳನ್ನು ರಾಗವಾಗಿ ಎಳೆದ: "ಪೇರು? ನಾಳ್?"

ಕೇರಳದಲ್ಲಿ ಬೆಳೆದ ಹುಡುಗಿ. ರಸೀದಿ ಮಾಡಿಸುವಾಗ ಹೆಸರು, ನಕ್ಷತ್ರ ಕೇಳಿದರೆ ನಾಲಿಗೆ ತಾನಾಗಿ ಹೊರಳುತ್ತದೆ. "ಧನಶ್ರೀ, ವಿಶಾಖಂ," ಎಂದುಬಿಟ್ಟಳು. ಎಂದ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದಳು.

"ವಿಶಾಖ ನಕ್ಷತ್ರದ ಧನಶ್ರೀ," ಯಶವಂತ ದೀಪದ ಎದುರು ಕೈಬೀಸುತ್ತ ಶುರುಮಾಡಿದ. "ಅವಳ ಮೇಲೆ ಯಾರೋ ಮಾಟ ಮಾಡ್ಸಿದಾರೆ. ಮೊದಲನೇ ಬ್ರೇಕಿಗೆ ನಾಲಿಗೆಯಿಂದ ಉಪ್ಪು ಹೋಗುತ್ತೆ. ಎರಡನೇ ಬ್ರೇಕಿಗೆ ದನಿ ಹೋಗುತ್ತೆ. ಮೂರನೇ ಬ್ರೇಕಿಗೆ ಬಾಯಿಂದ ಹಿನ್ನೀರು ಬರುತ್ತೆ. ಒಣ ರೂಮು, ಮೇಲೆ ಫ್ಯಾನು ತಿರುಗ್ತಿದೆ, ಬಾಯಲ್ಲಿ ಹಿನ್ನೀರು! ನಾಲ್ಕನೇ ಬ್ರೇಕಿಗೆ..."

ಅವನ ಮೊಬೈಲ್ ಕಿರುಚಿತು. "ಅದು ಆಮೇಲೆ," ಎಂದು ಫೋನ್ ಹಿಡಿದು ಹೊರಗೆ ಹೋದ.

ಗಾಳಿಯೇ ಇಲ್ಲದ ಕೋಣೆ. ದೀಪದ ಜ್ವಾಲೆ ಮೆಲ್ಲಗೆ ಬಾಗಿತು, ಧನಶ್ರೀಯ ಕಡೆಗೆ. ಮಲಗಿದಂತೆ ಬಾಗಿ ಹಾಗೆಯೇ ನಿಂತಿತು.

ಮರುದಿನ ಆಫೀಸಿನ ಕ್ಯಾಂಟೀನಿನಲ್ಲಿ ಅವಳು ಅನ್ನಕ್ಕೆ ಉಪ್ಪು ಹಾಕಿಕೊಂಡಳು. ಮತ್ತೆ ಹಾಕಿಕೊಂಡಳು. ಬರೀ ಉಪ್ಪನ್ನೇ ನಾಲಿಗೆಯ ಮೇಲಿಟ್ಟುಕೊಂಡು ಕಾದಳು. ಮರಳಿನ ಹಾಗಿತ್ತು.

"ಸರ್, ಉಪ್ಪು ಗೊತ್ತಾಗ್ತಾ ಇಲ್ಲ."

"ಈ ಊರಿನ ಸಾಂಬಾರಲ್ಲಿ ಗೊತ್ತಾಗೋಕೆ ಏನಿದೆ?" ಎಂದ ಯಶವಂತ, ತಟ್ಟೆಯಿಂದ ತಲೆಯೆತ್ತದೆ.

ವಾರ ಕಳೆಯುವುದರೊಳಗೆ ದನಿ ಹೋಯಿತು. ಮೊದಲು ಗೊಗ್ಗರಾಯಿತು, ಆಮೇಲೆ ಉಸಿರಾಯಿತು, ಆಮೇಲೆ ಅದೂ ಇಲ್ಲ. ವೈದ್ಯರು ಟಾರ್ಚ್ ಹಾಕಿ ನೋಡಿ ಗಂಟಲು ಚೆನ್ನಾಗಿದೆ ಎಂದರು. ಅವಳು ಚೀಟಿಯಲ್ಲಿ ಬರೆದು ಯಶವಂತನ ಮುಂದಿಟ್ಟಳು: ಅಜ್ಜಿಯ ಹತ್ತಿರ ಹೋಗೋಣ, ಸರ್.

ಅವನು ಓದಿ ಮೂಗು ಮುರಿದ. "ಡಿಗ್ರಿ ಮಾಡಿದೀಯ ಅಲ್ವಾ? ನಾಚಿಕೆ ಆಗಲ್ವಾ? ಈಗ ತಿರುವನಂತಪುರದಲ್ಲಿ ಚಾನೆಲ್‌ನೋರ ಮೀಟಿಂಗಲ್ಲಿ ಕತೆ ನಾನೇ ಹೇಳ್ಬೇಕು. ಅದೊಂದು ದಂಡ."

ತಿರುವನಂತಪುರಕ್ಕೆ ಬೆಳಗಿನ ರೈಲು. ಕೊಲ್ಲಂ ದಾಟಿದ ಮೇಲೆ ಅವಳಿಗೆ ಕೆಮ್ಮು ಬಂತು. ಕರವಸ್ತ್ರ ಒದ್ದೆಯಾಯಿತು. ಕಫವಲ್ಲ. ನೀರು. ಕಂದು ಬಣ್ಣದ ನೀರು. ಕೊಳೆತ ತೆಂಗಿನ ನಾರಿನ, ಕೆಸರಿನ, ಸತ್ತ ಮೀನಿನ ವಾಸನೆಯ ನೀರು. ಅದರಲ್ಲಿ ಜೊಂಡಿನ ಬೇರಿನ ಒಂದು ಎಳೆ. ಅವಳು ಅದನ್ನು ಅವನ ಮುಂದೆ ಹಿಡಿದಳು.

ಯಶವಂತ ಒಂದು ಕ್ಷಣ ಬೆಚ್ಚಿದ. ಮರುಕ್ಷಣ ಅವನ ಕಣ್ಣು ಅರಳಿತು. "ಬೇರು! ಸೂಪರ್. ಸೇರಿಸ್ಕೋ ಕತೇಲಿ."

ಮೀಟಿಂಗ್ ರೂಮಿನ ಏಸಿ ಕೊರೆಯುತ್ತಿತ್ತು. ಚಾನೆಲ್ಲಿನ ಕಥಾವಿಭಾಗದ ಮುಖ್ಯಸ್ಥ ಕೃಷ್ಣಮೂರ್ತಿ ಮೈಸೂರಿನವರು. ಯಾವ ಕತೆ ಕೇಳಿದರೂ ಹಲ್ಲುನೋವು ಬಂದವರಂತೆ ಮುಖ ಮಾಡುವವರು. ಯಶವಂತ ಎದ್ದು ನಿಂತು ಹೇಳತೊಡಗಿದ. ಉಪ್ಪು ಹೋಯಿತು. ದನಿ ಹೋಯಿತು. ನೀರು ಬಂತು. ಮೂಲೆಯ ಕುರ್ಚಿಯಲ್ಲಿ ಧನಶ್ರೀ ಕರವಸ್ತ್ರ ಬಾಯಿಗೊತ್ತಿ ಕೂತಿದ್ದಳು. ಮೈಯೊಳಗೆ ನೀರು ಅವಳ ಎದೆಯವರೆಗೆ ಏರಿತ್ತು. ಅವಳು ಮುಳುಗಲು ಇವನ ಇನ್ನೊಂದು ಮಾತು ಸಾಕು. ಒಂದೇ ವಾಕ್ಯ.

"ನಾಲ್ಕನೇ ಬ್ರೇಕಿಗೆ, ಸರ್, ಆ ಹುಡುಗಿ..."

"ನಿಲ್ಲಿಸಪ್ಪ." ಕೃಷ್ಣಮೂರ್ತಿ ಕೈಯೆತ್ತಿದರು. "ಇದೇನಿದು, ಅಮಾವಾಸ್ಯೆ ಪೂಜೆ? ಮಾಟ ಗೀಟ ಅಂದ್ರೆ ಸೋಪಿನವರು ಜಾಹೀರಾತು ಕೊಡ್ತಾರಾ? ನನಗೆ ಹಿಡಿಸ್ಲಿಲ್ಲ. ಬೇರೆ ಹೇಳು."

ಕತೆಗಾಗಿ ಜಗಳವಾಡುವ ಜಾತಿಯವನಲ್ಲ ಯಶವಂತ. "ಬಿಟ್ಟೆ ಸರ್," ಎಂದ ಹಲ್ಲು ಕಿರಿದು. "ನನಗೂ ಅಷ್ಟಕ್ಕಷ್ಟೇ ಇತ್ತು. ಕೇಳಿ, ಒಂದು ಬ್ಯಾಂಕ್ ಲಾಕರು..."

"ನನಗೊಂದು ಚಾಯ ಹೇಳ್ತೀರಾ?"

ಎಲ್ಲರೂ ತಿರುಗಿ ನೋಡಿದರು. ಮಾತಾಡಿದ್ದು ಧನಶ್ರೀ. ಅವಳ ಕರವಸ್ತ್ರ ಒಣಗಿತ್ತು.

ಮೀಟಿಂಗ್ ಮುಗಿದು, ಸ್ಟೇಷನ್ನಿನ ಹತ್ತಿರ ತಂಪಾನೂರಿನ ಹೋಟೆಲಿನಲ್ಲಿ ಯಶವಂತ ಊಟಕ್ಕೆ ಕೂತ. ಉಪ್ಪು ಕೇಳಿದ. ಮತ್ತೆ ಕೇಳಿದ. ಬಟ್ಟಲನ್ನೇ ಎಳೆದುಕೊಂಡು ಸುರಿದ. ಅನ್ನ ಬೆಳ್ಳಗೆ ಹೊಳೆಯಿತು. ಎದುರಿಗೆ ಕೂತಿದ್ದ ಧನಶ್ರೀ ತುತ್ತು ನಿಲ್ಲಿಸಿ ನೋಡಿದಳು. ಯಶವಂತ ಬಡಿಸುವವನನ್ನು ಬೈಯಲು ಬಾಯಿ ತೆರೆದ. ಗಂಟಲಿನಿಂದ ಗಾಳಿ ಬಂತು. ಬರೀ ಗಾಳಿ.

ಅವಳಿಗೆ ವಾರವಿಡೀ ಹಿಡಿದದ್ದು ಅವನಿಗೆ ಒಂದು ಊಟದ ಹೊತ್ತಿನಲ್ಲಿ ನಡೆದುಹೋಯಿತು.

ಕೊಚ್ಚಿಗೆ ಮರಳುವ ರೈಲಿನಲ್ಲಿ ಅವನು ಕಿಟಕಿಗೆ ಆತು ಕೂತು ಒಂದು ಕಾಗದದ ಮೇಲೆ ಏನೋ ಗೀಚುತ್ತಲೇ ಇದ್ದ. ಗಲ್ಲದಿಂದ ಕಂದು ನೀರು ತೊಟ್ಟಿಕ್ಕಿ ಅಂಗಿ ತೊಯ್ದಿತ್ತು. ಪಕ್ಕದಲ್ಲಿದ್ದವರು ಎದ್ದು ಬೇರೆಡೆ ಹೋದರು. ಧನಶ್ರೀ ಮಾತ್ರ ಹೋಗಲಿಲ್ಲ. ಸ್ಟೇಷನ್ನಿನಿಂದ ದ್ವೀಪದವರೆಗೆ ಅವನನ್ನು ಆಟೋದಲ್ಲಿ ಅವಳೇ ಕರೆತಂದಳು.

ಚಂದ್ರಾವತಿ ಟೀವಿಯಿಂದ ಕಣ್ಣು ಕೀಳಲಿಲ್ಲ. "ಬಿಟ್ರಾ? ಬಿಡ್ಬೇಡಿ ಅಂದಿದ್ದೆ ಅಲ್ವಾ ಮಾರಾಯ್ರೇ."

ಅವನು ಕೈಮುಗಿದ. ಬಾಯಿ ತೋರಿಸಿದ. ಮುದುಕಿ ಟೀವಿಯ ದನಿ ತಗ್ಗಿಸಿ ಎದ್ದಳು.

"ಬಾಯಿ ಹೋದವನಿಗೆ ದಾರಿ ಒಂದೇ ಉಂಟು. ಅವನ ಮಾತನ್ನು ಇನ್ನೊಬ್ಬರು ದೀಪದ ಎದುರು ಹೇಳಿ ಮುಗಿಸ್ಬೇಕು. ಮನಸ್ಸಿದ್ದು ಹೇಳ್ಬೇಕು."

"ಹೆಸರು ಬದಲಾಯಿಸ್ಲಿಕ್ಕೆ ಆಗ್ತದಾ?" ಧನಶ್ರೀ ಕೇಳಿದಳು.

"ಇಲ್ಲ ಮಗಳೇ. ಯಾರ ಹೆಸರಲ್ಲಿ ಶುರುವೋ ಅವರ ಹೆಸರಲ್ಲೇ. ನೀನು ಓದಿ ಮುಗಿಸಿದ್ರೆ ನೀನು ಹೋಗ್ತಿ. ಮುಗಿಸದಿದ್ರೆ ಅವ ಹೋಗ್ತಾನೆ."

ಇಷ್ಟನ್ನೂ ಯಶವಂತ ಕೇಳಿಸಿಕೊಂಡ. ಕೇಳಿಸಿಕೊಂಡೇ ಕಾಗದವನ್ನು ಅವಳ ಕೈಗೆ ತುರುಕಿದ. ಅವಳ ಮಣಿಕಟ್ಟು ಹಿಡಿದು ಒಳಕೋಣೆಗೆ ಎಳೆದುಕೊಂಡು ಹೋದ. ಕತ್ತಲು. ಬತ್ತಿಯ ವಾಸನೆ. ಅವನ ಮೈಯಿಂದ ಕೆಸರಿನ ವಾಸನೆ. ಜ್ವಾಲೆ ಈಗ ಅವನ ಕಡೆಗೆ ಬಾಗಿತ್ತು. ಅವಳು ಕಾಗದ ನೋಡಿದಳು, ಅವನ ಮುಖ ನೋಡಿದಳು. ಅವನು ಚಿಟಿಕೆ ಹೊಡೆದ.

ಅವಳ ಬಾಯಿ ತಾನಾಗಿ ತೆರೆಯಿತು.

"ನಾಲ್ಕನೆಯ ಬ್ರೇಕ್," ಓದಿದಳು. ಎಷ್ಟೋ ಮೀಟಿಂಗುಗಳಲ್ಲಿ ಓದಿದ್ದ ದನಿ. ಏರಿಳಿತವಿಲ್ಲದ, ವಿಧೇಯ ದನಿ. "ಹಗಲು. ಮನೆಯ ಒಳಗೆ. ನೆಲ ಒಣಗಿದೆ."

ಜ್ವಾಲೆ ನೆಟ್ಟಗಾಯಿತು. ಅವಳ ಗಂಟಲಿಗೆ ತಣ್ಣಗಿನದೇನೋ ಏರಿತು. ಯಶವಂತನ ಗಲ್ಲದಿಂದ ತೊಟ್ಟಿಕ್ಕುವುದು ನಿಂತಿತು. ಅವನು ಉಸಿರೆಳೆದುಕೊಂಡ. ಕೈಯಾಡಿಸಿದ: ಮುಂದೆ, ಮುಂದೆ.

"ನೀರು ಅವಳ ಕಣ್ಣಿನವರೆಗೆ ಬಂದಿದೆ." ಕೆಮ್ಮಿದಳು. ಬೇರಿನ ಎಳೆ ನಾಲಿಗೆಗೆ ಸಿಕ್ಕಿತು. "ಅವಳು ಉಸಿರಾಡಲು ಬಾಯಿ ತೆರೆಯುತ್ತಾಳೆ. ವಿಶಾಖ ನಕ್ಷತ್ರದ..."

ಮುಂದಿನ ಪದ ತನ್ನ ಹೆಸರು. ಕಾಗದದಲ್ಲಿ ಅದು ಸ್ಪಷ್ಟವಾಗಿತ್ತು. ಅಲುಗಾಡುವ ರೈಲಿನಲ್ಲಿ ಬರೆದದ್ದು. ಬೇರೆ ಅಕ್ಷರಗಳೆಲ್ಲ ಸೊಟ್ಟಗಿದ್ದವು. ಆ ಹೆಸರನ್ನು ಮಾತ್ರ ಅವನು ತಪ್ಪಾಗದಂತೆ, ನಿಧಾನವಾಗಿ, ದುಂಡಗೆ ಬರೆದಿದ್ದ.

ಅವಳು ನಿಲ್ಲಿಸಿದಳು.

ಅವನು ಚಿಟಿಕೆ ಹೊಡೆದ. ಮತ್ತೆ ಹೊಡೆದ. ಅವಳ ಭುಜ ಹಿಡಿದು ಅಲುಗಿಸಿದ. ಮಂಡಿಯೂರಿದ.

"ಇಲ್ಲ ಸರ್," ಎಂದಳು ಧನಶ್ರೀ. "ನಾನು ಓದಲ್ಲ."

ಕಾಗದವನ್ನು ಅವನ ಮುಂದೆ ನೆಲದ ಮೇಲಿಟ್ಟು, ಬಾಗಿಲಿನಿಂದಾಚೆ ಇಳಿಬಿಸಿಲಿಗೆ ನಡೆದಳು. ಮೊದಲು ಮೆಲ್ಲಗೆ. ಅಂಗಳ ದಾಟಿದ ಮೇಲೆ ಓಡಿದಳು.

ಜ್ವಾಲೆ ಮತ್ತೆ ಅವನ ಕಡೆಗೆ ಹೊರಳಿತು. ನೀರು ಬಂತು. ಮೂಗಿಗೆ ಬಂತು. ಕಣ್ಣಿಗೆ ಬಂತು. ಒಣ ನೆಲದ ಮೇಲೆ ಅವನು ಕೈಕಾಲು ಬಡಿದ, ಈಜುವವನಂತೆ.

ಚಂದ್ರಾವತಿ ಹೊಸ್ತಿಲಲ್ಲಿ ನಿಂತು ನೋಡಿದಳು.

"ನಿಮಗಾಗಿ ಹೇಳ್ಲಿಕ್ಕೆ ಇನ್ನು ಯಾರಾದ್ರೂ ಇದ್ರೆ ಕರೀರಿ," ಎಂದಳು. "ಬೇಗ."

ಅವನು ಬಾಯಿ ತೆರೆದ.